ಆಮೆಯ ಪಥ್ಯ

ಅತಿಥಿಗೆ ಅವನು ಬೇಡಿದ್ದನ್ನು ಬಡಿಸುವದು ಗೃಹಸ್ಥನ ಧರ್ಮವೆಂದು ನಮ್ಮ ಹಿರಿಯರು ಹೇಳಿದ್ದಾರೆ. ರೋಗಿಗೆ ಅವನು ಬೇಡಿದ್ದನ್ನು ಕೊಡದಿರುವದು ವೈದ್ಯನ ಧರ್ಮವೆಂದೂ ಹೇಳಿದ್ದಾರೆ. ಮಗುವು ಇವೆರಡರ ನಡುವಿನದು. ಅದು ಬೇಡಿದ್ದರಲ್ಲಿ ತಾಯಿಯು ಅರ್ಧ ಕೊಟ್ಟು ಅರ್ಧ ಬಚ್ಚಿಡುತ್ತಾಳೆ. ಆದರೆ ತಾನಾಗಿ ಬಾರದೆ, ಹಣ ಕೊಟ್ಟು ತರಲ್ಪಟ್ಟು, ಗಾಜಿನ ತೊಟ್ಟಿಯಲ್ಲಿ ಇಡಲ್ಪಟ್ಟ ಒಂದು ಮೂಕಪ್ರಾಣಿಯನ್ನು ನಾವು ಯಾವ ಸಾಲಿನಲ್ಲಿ ಕೂಡ್ರಿಸಬೇಕು? ಅದು ಅತಿಥಿಯೋ, ರೋಗಿಯೋ, ಮಗುವೋ, ಅಥವಾ ಸೆರೆಯಾಳೋ? ಅದು ಮೆಚ್ಚುವ ಒಂದೇ ತಿನಿಸು ಅದಕ್ಕೆ ಕೇಡು ಮಾಡುವಂಥದಾದರೆ, ಹಸಿವೆಯಿಂದ ಅದನ್ನು ಮಣಿಸಿ ಹಿತವಾದದ್ದನ್ನು ತಿನ್ನಿಸುವದು ದಯೆಯೋ ಹಿಂಸೆಯೋ? ಈ ಪ್ರಶ್ನೆಯು ಬೆಳಗಾವಿಯ ಟಿಳಕವಾಡಿಯಲ್ಲಿರುವ ನಮ್ಮ ಸ್ನೇಹಿತರೊಬ್ಬರ ಮನೆಯಲ್ಲಿ ಕಳೆದ ಚಳಿಗಾಲದಲ್ಲಿ ಎದ್ದಿತು. ವಿಷಯವು ಅಂಗೈಯಗಲದ ಒಂದು ಆಮೆಯದು, ನಗುವವರು ನಗಲಿ.

ಆ ಆಮೆಯು ನಮ್ಮ ನಾಡಿನದಲ್ಲ. ಅಮೇರಿಕೆಯ ಮಿಸಿಸಿಪಿ ನದಿಯ ಸೀಮೆಯದು. ಕಣ್ಣಿನ ಹಿಂದೆ ಕುಂಕುಮದ ಗೀಟು ಎಳೆದಂತೆ ಕೆಂಪು ಪಟ್ಟೆಯಿರುವದರಿಂದ ಆಂಗ್ಲರು ಅದನ್ನು ಕೆಂಗಿವಿಯ ಆಮೆಯೆಂದು ಕರೆಯುತ್ತಾರೆ. ನಮ್ಮ ಸೀಮೆಯ ಕೆರೆಯಾಮೆ, ನಕ್ಷತ್ರದಾಮೆಗಳನ್ನು ಮನೆಯಲ್ಲಿಡಲು 1972ರ ವನ್ಯಜೀವಿ ಸಂರಕ್ಷಣ ಕಾಯಿದೆಯ ಅಡ್ಡಿಯಿರುವದರಿಂದ, ಪೇಟೆಯಲ್ಲಿ ಬಣ್ಣದ ಮೀನುಗಳ ಜತೆಗೆ ಈ ಪರದೇಶದ ಮರಿಗಳೇ ಹೆಚ್ಚಾಗಿ ಮಾರಾಟವಾಗುತ್ತವೆ. ನಾಣ್ಯಕ್ಕಿಂತ ತುಸು ದೊಡ್ಡದಾದ ಆ ಮರಿಯು ಮುಂದೆ ಒಂದು ಗೇಣು ಬೆಳೆಯುವದೆಂದಾಗಲಿ, 20-30 ವರುಷ ಬಾಳುವದೆಂದಾಗಲಿ ಮಾರುವವನು ಹೇಳುವದಿಲ್ಲ. ಒಣ ಸೀಗಡಿಯ ಒಂದು ಡಬ್ಬಿಯನ್ನು ಮಾತ್ರ ಕೈಯಲ್ಲಿಡುತ್ತಾನೆ.

ಎರಡು ವರುಷ ಆ ಡಬ್ಬಿಯೇ ಅದಕ್ಕೆ ಅನ್ನಪೂರ್ಣೆಯಾಯಿತು. ಆಮೇಲೆ ಆಮೆಯ ರೆಪ್ಪೆಗಳು ಊದಿದವು, ಚಿಪ್ಪು ಮೆತ್ತಗಾಯಿತು. ಪಶುವೈದ್ಯರು ನೋಡಿ, ಒಣ ಸೀಗಡಿಯಲ್ಲಿ 'ಎ' ಜೀವಸತ್ವವೂ ಸುಣ್ಣದ ಅಂಶವೂ ಸಾಲದೆಂದೂ, ಸೊಪ್ಪು, ಗಜ್ಜರಿ, ಕಾಳಿನಂಥ ಸಿದ್ಧ ಆಹಾರ, ಆಗಾಗ ಒಂದು ಎರೆಹುಳು, ಇವೆಲ್ಲ ಬೇಕೆಂದೂ, ಬಿಸಿಲು ಬೇಕೆಂದೂ ಹೇಳಿ ಔಷಧ ಕೊಟ್ಟರು. ಔಷಧದಿಂದ ಕಣ್ಣು ತೆರೆಯಿತು. ಬಾಯಿ ಮಾತ್ರ ತೆರೆಯಲಿಲ್ಲ. ಮೊಮ್ಮಗನು ನನ್ನ ಮುಂದೆ ದೂರಿದನು: "ಅಜ್ಜಾರ, ತಪ್ಪಲಾ ಹಾಕಿದ್ರ ಹೊಳ್ಳಿ ಸುದ್ದಾ ನೋಡೂದಿಲ್ರಿ. ಸೀಗಡಿ ಡಬ್ಬಿ ಸಪ್ಪಳಾದ್ರ ಸಾಕು, ಓಡಿ ಬರ್ತದರಿ." ಅವನ ತಂದೆಯ ಅಭಿಪ್ರಾಯವು ಬೇರೆ. ಆ ಪ್ರಾಣಿಗೆ ಹೊಳೆಯಿಲ್ಲ, ಬಳಗವಿಲ್ಲ, ಗಾಜಿನಾಚೆಗೆ ಲೋಕವಿಲ್ಲ. ಇರುವ ಸುಖವೊಂದೇ, ಅದನ್ನೂ ಕಸಿದುಕೊಂಡು ನಾಲ್ಕು ವರುಷ ಹೆಚ್ಚು ಬದುಕಿಸಿ ಏನು ಸಾಧಿಸುವದು ಎಂದು ಅವರು ಕೇಳುತ್ತಾರೆ. ಈ ಮಾತನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಮುಪ್ಪಿನ ತಂದೆತಾಯಿಗಳಿಗೆ ಸಕ್ಕರೆಯ ರೋಗವಿದ್ದಾಗ್ಯೂ ಕುಂದಾ ತಿನ್ನಿಸುವ ಮಕ್ಕಳು ನಮ್ಮೂರಲ್ಲಿ ಇದೇ ಮಾತನ್ನೇ ಹೇಳುತ್ತಾರೆ.

ಕಠೋಪನಿಷತ್ತಿನಲ್ಲಿ ಯಮನು ನಚಿಕೇತನಿಗೆ ಶ್ರೇಯಸ್ಸು ಪ್ರೇಯಸ್ಸುಗಳ ಭೇದವನ್ನು ತಿಳಿಸಿದ್ದು ವಾಚಕರಿಗೆ ತಿಳಿದದ್ದೇ. ಪಾಠಶಾಲೆಯಲ್ಲಿ ಕಲಿತವರಾದ ನಾವು ಇಂಥ ಪ್ರಸಂಗ ಬಂದ ಕೂಡಲೆ ಆ ಭೇದವನ್ನು ಮುಂದೊಡ್ಡಿ ತೀರ್ಪು ಕೊಡಲು ಹವಣಿಸುತ್ತೇವೆ. ಆದರೆ ಇಲ್ಲಿ ಅದು ಸಲ್ಲದು. ನಚಿಕೇತನ ಮುಂದೆ ಎರಡೂ ಇದ್ದವು. ಅವನು ಒಂದನ್ನು ಬಿಟ್ಟು ಒಂದನ್ನು ಆರಿಸಿದನು. ಈ ಆಮೆಯ ಮುಂದೆ ಎರಡು ವರುಷ ಒಂದೇ ಇತ್ತು. ಹೊಳೆಯಲ್ಲಿರುವ ಇದರ ಜಾತಿಯ ಮರಿಯು ಹುಳು, ಶಂಖದಹುಳು, ಮರಿಮೀನುಗಳನ್ನು ಹೆಚ್ಚಾಗಿ ತಿಂದು, ಬೆಳೆದಂತೆಲ್ಲ ನೀರಿನ ಸಸ್ಯಗಳ ಕಡೆಗೆ ಹೊರಳುತ್ತದೆ. ತೊಟ್ಟಿಯಲ್ಲಿ ಹೊರಳುವದಕ್ಕೆ ಏನಿತ್ತು? ನಾವು ಅದರ ರುಚಿಯೆಂದು ಹೇಳುವದು ಅದರ ಸ್ವಭಾವವಲ್ಲ. ನಮ್ಮ ಅಭ್ಯಾಸವೇ ಅದರ ಬಾಯಲ್ಲಿ ಮೂಡಿದೆ. ಹೀಗಿರುವಾಗ, ಆ ರುಚಿಯನ್ನು ಮನ್ನಿಸುವದೇ ಅದರ ಸ್ವಾತಂತ್ರ್ಯವನ್ನು ಮನ್ನಿಸಿದಂತೆ ಎಂಬ ತಂದೆಯ ವಾದವು ನಿಲ್ಲಲಾರದು. ಆ ವಾದದ ಉಳಿದ ಅರ್ಧ, ಸೆರೆಯಲ್ಲಿರುವ ಜೀವಿಗೆ ಸುಖವೂ ಸಲ್ಲಬೇಕೆಂಬದು, ನಿಲ್ಲುತ್ತದೆ.

ಈ ವಿಷಯದಲ್ಲಿ ಉಪನಿಷತ್ತಿಗಿಂತ ಚರಕನು ಹೆಚ್ಚು ಉಪಯೋಗಕ್ಕೆ ಬಂದನು. ಅಹಿತವಾದದ್ದೂ ನಿತ್ಯದ ರೂಢಿಯಿಂದ ದೇಹಕ್ಕೆ ಒಗ್ಗಿಹೋಗುವದುಂಟು. ಅದನ್ನು ಅವನು ಓಕಸಾತ್ಮ್ಯವೆನ್ನುತ್ತಾನೆ. ಅಂಥ ರೂಢಿಯನ್ನು ಒಮ್ಮೆಲೆ ಕಿತ್ತರೆ ಬೇರೊಂದು ರೋಗವು ಹುಟ್ಟೀತು. ಆದ್ದರಿಂದ ಸೂತ್ರಸ್ಥಾನದ 7ನೆಯ ಅಧ್ಯಾಯದಲ್ಲಿ, ಕೆಟ್ಟದ್ದನ್ನು ಕಾಲುಭಾಗ ಬಿಟ್ಟು ಒಳ್ಳೆಯದನ್ನು ಕಾಲುಭಾಗ ಹಿಡಿದು, ನಡುವೆ ದಿನಗಳ ಅಂತರವಿಟ್ಟು, ಮತ್ತೆ ಕಾಲುಭಾಗ ಮುಂದೆ ಸಾಗಬೇಕೆಂದು ವಿಧಿಸಿದ್ದಾನೆ. ಇದಕ್ಕೆ ಪಾದಾಂಶಿಕ ಕ್ರಮವೆಂದು ಹೆಸರು. ಮನುಷ್ಯರಿಗಾಗಿ ಹೇಳಿದ ಈ ಕ್ರಮವನ್ನೇ ಇಂದು ಆಮೆ ಸಾಕುವವರೂ ಅನುಸರಿಸುತ್ತಾರೆ. ಅವರು ಚರಕನನ್ನು ಓದಿರಲಿಕ್ಕಿಲ್ಲ. ಸೀಗಡಿಯನ್ನು ನೆನೆಹಾಕಿದ ನೀರನ್ನು ಸೊಪ್ಪಿನ ಮೇಲೆ ಚಿಮುಕಿಸುವದು. ಸೀಗಡಿಯ ಪುಡಿಯನ್ನು ತುರಿದ ಗಜ್ಜರಿಯಲ್ಲಿ ಬೆರೆಸುವದು. ದಿನದಿನಕ್ಕೆ ಪುಡಿಯನ್ನು ಇಳಿಸುವದು. ಪಾಲಕದಲ್ಲಿಯ ಆಮ್ಲವು ಸುಣ್ಣವನ್ನು ಹಿಡಿದುಕೊಂಡು ದೇಹಕ್ಕೆ ದಕ್ಕಗೊಡದಾದ್ದರಿಂದ ಅದು ನಿತ್ಯಕ್ಕೆ ಸಲ್ಲದು. ಅಂಗಳದ ದಾಸವಾಳದ ಎಲೆಯು ಅದಕ್ಕಿಂತ ಲೇಸು. ಸುಣ್ಣಕ್ಕಾಗಿ, ವೈದ್ಯರ ಪೆಟ್ಟಿಗೆಯಲ್ಲಿ ಸಮುದ್ರಫೇನವೆಂದಿರುವ ಬಿಳಿಯ ತುಂಡನ್ನು ನೀರಿನಲ್ಲಿ ತೇಲಬಿಡಬೇಕು. ಆಮೆಯು ಬೇಕಾದಾಗ ಅದನ್ನು ಕಚ್ಚಿಕೊಳ್ಳುತ್ತದೆ. ಅದು ಕಡಲಿನ ಒಂದು ಮೃದ್ವಂಗಿಯ ಎಲುಬು, ನೊರೆಯಲ್ಲವೆಂಬದನ್ನು ಆ ಮನೆಯ ಅಜ್ಜಿಗೆ ಇನ್ನೂ ಯಾರೂ ತಿಳಿಸಿಲ್ಲ.

ಇನ್ನೊಂದು ಮಾತು. ಹಟವೆಂಬ ಶಬ್ದವನ್ನು ನಾವು ಬಹು ಬೇಗ ಬಳಸುತ್ತೇವೆ. ಆಮೆಯ ಮೈಯ ಶಾಖವು ನೀರಿನ ಶಾಖವನ್ನು ಹಿಂಬಾಲಿಸುತ್ತದೆ. ನೀರು 25 ಅಂಶ ಸೆಲ್ಸಿಯಸ್ಸಿನಷ್ಟು ಬೆಚ್ಚಗಿದ್ದರೆ ಅದರ ಜಠರಾಗ್ನಿಯು ಉರಿಯುವದು, 20ಕ್ಕಿಂತ ಕೆಳಗಿಳಿದರೆ ಮಂದವಾಗುವದು. ಬೆಳಗಾವಿಯ ಪುಷ್ಯ ಮಾಘಗಳ ಮುಂಜಾವಿನಲ್ಲಿ ತೊಟ್ಟಿಯ ನೀರು ಎಷ್ಟು ತಣ್ಣಗಿರುವದೆಂಬದನ್ನು ಕೈಯದ್ದಿದವರು ಬಲ್ಲರು. ಮಳೆಗಾಲದಲ್ಲಂತೂ ನಮ್ಮಲ್ಲಿ ವಾರಗಟ್ಟಲೆ ಸೂರ್ಯದರ್ಶನವಿಲ್ಲ. ಬಿಸಿಲು ಬಿದ್ದಾಗಲೂ ಕಿಡಕಿಯ ಗಾಜು ಚಿಪ್ಪಿಗೆ ಬೇಕಾದ ಕಿರಣವನ್ನು ತಡೆಯುತ್ತದೆ. ಆ ಪ್ರಾಣಿಯು ಸೊಪ್ಪನ್ನು ಒಲ್ಲೆನೆಂದದ್ದರಲ್ಲಿ ರುಚಿಯ ಪಾಲೆಷ್ಟು, ಚಳಿಯ ಪಾಲೆಷ್ಟು? ಖಾನಾಪುರದ ಶಾಲೆಯಲ್ಲಿ ನಾನಿದ್ದಾಗ ಕಾಡಂಚಿನ ಹಳ್ಳಿಗಳಿಂದ ನಡೆದುಬರುವ ಹುಡುಗರನೇಕರಿಗೆ ಮಂದಬುದ್ಧಿಗಳೆಂಬ ಹೆಸರು ಬಂದಿತ್ತು. ಮುಂಜಾನೆ ಉಂಡು ಬಂದಿದ್ದೀಯೋ ಎಂದು ಮೊದಲು ಕೇಳಿ ಆಮೇಲೆ ಪಾಠ ಒಪ್ಪಿಸಿಕೊಂಡರೆ, ಅವರಲ್ಲಿ ಅರ್ಧ ಜನರು ಬುದ್ಧಿವಂತರಾಗುತ್ತಿದ್ದರು.

ಇಷ್ಟಾದರೂ ಒಪ್ಪದಿದ್ದರೆ ಉಪವಾಸ ಕೆಡವಬಹುದೆ? ಬೆಳೆದ, ಗಟ್ಟಿಮುಟ್ಟಾದ ಆಮೆಯು ಕೆಲವು ದಿನ ಆಹಾರವಿಲ್ಲದೆ ತಾಳುತ್ತದೆಯೆಂದು ಬಲ್ಲವರು ಹೇಳುತ್ತಾರೆ. ಮರಿಗೂ ರೋಗಿಷ್ಠ ಪ್ರಾಣಿಗೂ ಅದು ಸಲ್ಲದು. ಶರೀರವು ತಾಳುವದೆಂಬದೇ ಅನುಮತಿಯಲ್ಲ. ಏಕಾದಶಿಯ ಉಪವಾಸದಲ್ಲಿ ಹಸಿದವನೂ ವ್ರತಿಯೂ ಒಬ್ಬನೇ. ಇಲ್ಲಿ ಹಸಿಯುವದು ಒಬ್ಬರು, ವ್ರತ ಹಿಡಿದವರು ಇನ್ನೊಬ್ಬರು. ಆ ಇನ್ನೊಬ್ಬರು ಉಂಡು ಕುಳಿತಿರುತ್ತಾರೆ. ಈ ಅಂತರವನ್ನು ಮರೆತರೆ ಪಥ್ಯವು ಶಿಕ್ಷೆಯಾಗಲು ತಡವಿಲ್ಲ. ನನ್ನ ಅಭಿಪ್ರಾಯದಲ್ಲಿ, ತಾಜಾ ಸೊಪ್ಪು ನಿತ್ಯವೂ ಅದರ ಮುಂದಿದ್ದು, ನೀರು ಬೆಚ್ಚಗಿದ್ದು, ಸೀಗಡಿಯನ್ನು ಮಾತ್ರ ತಡೆದರೆ, ಅದು ಉಪವಾಸವಲ್ಲ, ಬಾಗಿಲೊಂದನ್ನು ಮುಚ್ಚಿ ಇನ್ನೊಂದನ್ನು ತೆರೆದಂತೆ. ಏನನ್ನೂ ಇಡದೆ, ಹಸಿದರೆ ತಾನೇ ಬುದ್ಧಿ ಬಂದೀತೆಂದು ಕಾಯುವದು ಕ್ರೌರ್ಯವೇ.

ಅಜ್ಜಿಯ ಆಕ್ಷೇಪವು ಇದೆಲ್ಲಕ್ಕಿಂತ ಕಠಿಣವಾದದ್ದು. ಆ ಮನೆಯಲ್ಲಿ ತಲೆಮಾರುಗಳಿಂದ ಮಾಂಸವು ಹೊಸ್ತಿಲು ದಾಟಿಲ್ಲ. ಡಬ್ಬಿಯ ಸೀಗಡಿಯನ್ನು ಅವರು ಸಹಿಸಿದರು. ಕಾಳಿನಂಥ ಸಿದ್ಧ ಆಹಾರವನ್ನೂ, ಅದರಲ್ಲಿ ಮೀನಿನ ಹಿಟ್ಟಿರುವದಾಗ್ಯೂ, ಸಹಿಸುವರು. ತೋಟದ ಎರೆಹುಳುವಿನ ಮಾತು ಬಂದಾಗ ಮಾತ್ರ ಎದ್ದು ನಿಂತರು: "ನನ್ನ ಕಣ್ಣ ಮುಂದ ಜೀವಾ ಕೊಲ್ಲೂದು ಬ್ಯಾಡ."

ಬೆಳಗಾವಿಯ ಕೋಟೆಯೊಳಗೆ, ರಟ್ಟರ ಕಾಲದಲ್ಲಿ 1204ರಲ್ಲಿ ಕಟ್ಟಿಸಿದ ಕಮಲಬಸದಿಯನ್ನು ನೋಡದವರು ಕಡಿಮೆ. ಅದಾದ ಐದು ವರುಷಕ್ಕೆ, 1209ರಲ್ಲಿ, ಜನ್ನನು ಯಶೋಧರಚರಿತೆಯನ್ನು ಮುಗಿಸಿದನು. ಅಲ್ಲಿ ಅರಸನು ಜೀವಹಿಂಸೆಗೆ ಹೇಸಿ, ತಾಯಿಯ ಮಾತಿಗೆ ಹಿಟ್ಟಿನ ಕೋಳಿಯನ್ನು ಬಲಿಗೊಟ್ಟು, ಸಂಕಲ್ಪದ ಹಿಂಸೆಗಾಗಿ ಜನ್ಮಜನ್ಮಗಳಲ್ಲಿ ತೊಳಲುತ್ತಾನೆ. ನಮ್ಮ ಡಬ್ಬಿಯ ಕಥೆಯು ಅದರ ತಲೆಕೆಳಗು. ಅಲ್ಲಿ ವಸ್ತುವು ಹಿಟ್ಟು, ಮನಸ್ಸು ಕೊಲೆಯದು. ಇಲ್ಲಿ ವಸ್ತುವು ಮೀನು, ಆದರೆ ಹಿಟ್ಟಿನ ರೂಪದಲ್ಲಿ ಬಂದದ್ದರಿಂದ ಮನಸ್ಸು ನಿಶ್ಚಿಂತ. ಕೊಂದವನು ಎಲ್ಲಿಯೋ ಕಡಲ ತೀರದವನು. ಆ ಪಾಪವನ್ನು ನಾವು ಬೆಲೆ ಕೊಟ್ಟು ಅವನಲ್ಲಿ ಇಟ್ಟುಬಂದಿದ್ದೇವೆ. ವನಪರ್ವದಲ್ಲಿ ಧರ್ಮವ್ಯಾಧನು, ನೇಗಿಲು ಹೂಡಿದವನೂ ಜೀವಿಗಳನ್ನು ಕೊಲ್ಲುತ್ತಾನೆಂದು ಬ್ರಾಹ್ಮಣನಿಗೆ ನೆನಪು ಕೊಟ್ಟದ್ದು ಇಂಥ ನಿಶ್ಚಿಂತೆಯನ್ನು ಕೆದಕುವದಕ್ಕಾಗಿಯೇ. ಅದೇ ಪರ್ವದ ಗಿಡಗ ಪಾರಿವಾಳಗಳ ಕಥೆಯಲ್ಲಿ, ಅರಸನು ಒಂದೆಡೆ ಉಶೀನರ, ಒಂದೆಡೆ ಶಿಬಿ, ಇರಲಿ, ಗಿಡಗವು ಕೇಳುವ ಪ್ರಶ್ನೆಯು ಇನ್ನೂ ಹರಿತವಾಗಿದೆ: ನನಗೆ ವಿಧಿಸಿದ ಆಹಾರವನ್ನು ತಡೆದು ನೀನು ಗಳಿಸುವ ಪುಣ್ಯವೆಂಥದು? ಅರಸನು ವಾದದಿಂದ ಗೆಲ್ಲಲಿಲ್ಲ. ತನ್ನ ತೊಡೆಯ ಮಾಂಸವನ್ನು ಕೊಯ್ದು ತಕ್ಕಡಿಯಲ್ಲಿಟ್ಟನು. ಅಂದರೆ, ತನ್ನ ವ್ರತದ ಬೆಲೆಯನ್ನು ತಾನು ತೆತ್ತನು, ಗಿಡಗದ ಮೇಲೆ ಹೊರಿಸಲಿಲ್ಲ.

ಅಜ್ಜಿಯ ಅಹಿಂಸೆಯು ಅವರ ಎಲೆಯ ಮೇಲೆ ಪೂಜ್ಯವಾದದ್ದು. ಅದನ್ನು ಆಮೆಯ ತೊಟ್ಟಿಗೆ ಚಾಚಿದರೆ ಆ ವ್ರತದ ಬೆಲೆಯನ್ನು ಆಮೆಯು ತೆರುತ್ತದೆ. ಸಾಕುವ ಹೊಣೆ ಹೊತ್ತ ಮೇಲೆ ಅದರ ಸ್ವಭಾವಕ್ಕೆ ತಕ್ಕುದನ್ನು ಒದಗಿಸತಕ್ಕದ್ದು. ಒದಗಿಸಲಾರೆವೆಂಬವರು ಮೊದಲೇ ತರತಕ್ಕದ್ದಲ್ಲ. ಈ ಎರಡನೆಯ ಮಾತನ್ನು ನಾನು ಹೆಚ್ಚು ಗಟ್ಟಿಯಾಗಿ ಹೇಳುತ್ತೇನೆ. ಅವರಿಗೆ ಒಂದು ಸಮಾಧಾನವನ್ನೂ ಹೇಳಿದೆನು: ಈ ಜಾತಿಯ ಆಮೆಯು ವಯಸ್ಸಾದಂತೆ ತಾನಾಗಿ ಎಲೆಗಳ ಕಡೆಗೆ ವಾಲುತ್ತದೆ, ವಾನಪ್ರಸ್ಥಕ್ಕೆ ನಮಗಿಂತ ಬೇಗ ತಯಾರಾಗುತ್ತದೆ. ಅಜ್ಜಿ ನಕ್ಕರು, ಒಪ್ಪಲಿಲ್ಲ.

ಖಾನಾಪುರದಲ್ಲಿರುವ ಅವರ ಬೀಗರು ಸುಲಭದ ಉಪಾಯವನ್ನು ಸೂಚಿಸಿದರು: ಅಸೋಗದ ಹತ್ತಿರ ಮಲಪ್ರಭೆಯಲ್ಲಿ ಬಿಟ್ಟುಬಿಡಿರಿ, ಪುಣ್ಯವೂ ಬಂತು, ಕಾಟವೂ ತಪ್ಪಿತು. ಕಣಕುಂಬಿಯಲ್ಲಿ ಹುಟ್ಟಿ ಕಾಡಿನ ನಡುವೆ ಹರಿದುಬರುವ ಆ ನೀರನ್ನು ಕಂಡವರಿಗೆ ಹಾಗೆ ತೋರುವದು ಸಹಜ. ಆದರೆ ಈ ಕೆಂಗಿವಿಯ ಆಮೆಯು ಲೋಕದ ನೂರು ದುಷ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಸೇರಿದ್ದು; ಯುರೋಪಿನವರು 1997ರಲ್ಲಿ ಇದರ ಆಮದನ್ನೇ ನಿಲ್ಲಿಸಿದರು. ಬಿಟ್ಟಲ್ಲಿ ನಾಡಿನ ಆಮೆಗಳ ಆಹಾರವನ್ನೂ ಬಿಸಿಲು ಕಾಯುವ ಬಂಡೆಯನ್ನೂ ಕಸಿಯುತ್ತದೆ, ತನ್ನ ರೋಗಗಳನ್ನೂ ಹಂಚುತ್ತದೆ. ನಮ್ಮ ತೊಟ್ಟಿಯ ಕಾಟವನ್ನು ಹೊಳೆಯ ಪಾಲಿಗೆ ಕಟ್ಟುವದು ಯಾವ ಶಾಸ್ತ್ರದಲ್ಲಿಯೂ ಬಿಡುಗಡೆಯಲ್ಲ. ಬೀಗರು ಸ್ವಲ್ಪ ಮುನಿದರು.

ಆದ್ದರಿಂದ ಅದು ಟಿಳಕವಾಡಿಯಲ್ಲಿಯೇ ಇದೆ. ಹುಡುಗನು ಇನ್ನು ಮೂರು ವರುಷಕ್ಕೆ ಕಾಲೇಜಿಗೆಂದು ಊರು ಬಿಡುವನು, ಅಜ್ಜಿಗೆ ಎಪ್ಪತ್ತೆಂಟು, ಆಮೆಗೆ ಉಳಿದದ್ದು ಇಪ್ಪತ್ತೈದು ವರುಷವಾದರೂ ಇದ್ದೀತು. ಮುಂದೆ ಯಾರು ಉಣಿಸಬೇಕೆಂಬದನ್ನು ಹೊಲಮನೆಯ ಪಾಲಿನಂತೆ ಕುಳಿತು ಮಾತಾಡಿ, ಸುಖವನ್ನು ಕಸಿಯಬಾರದೆಂದು ವಾದಿಸಿದ ತಂದೆಯೇ ಆ ಭಾರವನ್ನು ಒಪ್ಪಿಕೊಂಡಿದ್ದಾರೆ. ಎರೆಹುಳುವನ್ನು ಅವರು ತೋಟದ ಹಿಂಬದಿಯಲ್ಲಿ ಹಾಕುತ್ತಾರೆ. ಸೀಗಡಿಯ ಡಬ್ಬಿಯು ಅಜ್ಜಿಯ ಕಪಾಟಿನಲ್ಲಿದೆ. ವಾರಕ್ಕೊಮ್ಮೆ, ಎರಡು ಮಾತ್ರ, ಅವರೇ ಎಣಿಸಿ ಕೊಡುತ್ತಾರೆ.