ಬೀದಿಯೆಲ್ಲ ಮನೆಶಾಲೆಯಾದ ದಿನ

ಅಮೆರಿಕದ ರಾಜಧಾನಿ ವಾಷಿಂಗ್ಟನ್ ಸುತ್ತಮುತ್ತ ಹಿಮ ಬೀಳುವ ಮುನ್ಸೂಚನೆ ಬಂದರೆ ಅಂಗಡಿಗಳಲ್ಲಿ ಮೊದಲು ಖಾಲಿಯಾಗುವುದು ಹಾಲು ಮತ್ತು ಬ್ರೆಡ್ಡು. ಇಲ್ಲಿರುವ ನಮ್ಮ ಕನ್ನಡದವರ ಚೀಲಕ್ಕೆ ಮೊಸರು, ಕೊತ್ತಂಬರಿ, ಹಸಿಮೆಣಸಿನಕಾಯಿಯೂ ಸೇರುತ್ತವೆ. ಸಂಜೆಯಾದರೆ ಮಕ್ಕಳದೇ ಒಂದು ವ್ರತ ಶುರು. ರಾತ್ರಿ ಹಾಕುವ ಬಟ್ಟೆಯನ್ನು ತಿರುವುಮುರುವಾಗಿ ಹಾಕಿಕೊಳ್ಳಬೇಕು, ದಿಂಬಿನ ಕೆಳಗೆ ಚಮಚ ಇಟ್ಟು ಮಲಗಬೇಕು. ಹಾಗೆ ಮಾಡಿದರೆ ಬೆಳಗಾಗುವಷ್ಟರಲ್ಲಿ ಶಾಲೆಗೆ ರಜೆ ಸಿಕ್ಕಿರುತ್ತದೆ ಎಂಬುದು ಈ ದೇಶದ ಮಕ್ಕಳ ನಂಬಿಕೆ. ಆದರೆ ಮನೆಯಲ್ಲೇ ಓದುವ ಮಕ್ಕಳು ಏನು ಮಾಡಬೇಕು? ಅವರಿಗೆ ಶಾಲೆ ಮುಚ್ಚುವ ಮಾತೇ ಇಲ್ಲ. ಕಲಿಸುವ ಅಮ್ಮ ಅಡುಗೆಮನೆಯಲ್ಲೇ ಇದ್ದಾಳೆ, ಊಟದ ಮೇಜೇ ಪಾಠದ ಮೇಜು. ಕಿಟಕಿಯಾಚೆ ಹಿಮ ಸುರಿಯುತ್ತಿರುವಾಗ ಭಿನ್ನರಾಶಿಯ ಲೆಕ್ಕ ಮುಗಿಸಬೇಕೋ ಬೇಡವೋ ಎಂಬುದನ್ನು ಅಮ್ಮನೋ ಅಪ್ಪನೋ ಆ ಹೊತ್ತಿಗೆ ತೀರ್ಮಾನ ಮಾಡಬೇಕು.

ಇಂಥ ಮನೆಗಳು ಈಗ ಅಪರೂಪವಲ್ಲ. ಅಮೆರಿಕದ ಜನಗಣತಿ ಇಲಾಖೆಯ ಸಮೀಕ್ಷೆಯ ಪ್ರಕಾರ, ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿರುವ ಮನೆಗಳಲ್ಲಿ 2020ರ ವಸಂತದಲ್ಲಿ ಶೇ. 5.4ರಷ್ಟು ಹೋಮ್‌ಸ್ಕೂಲ್ ಮಾಡುತ್ತಿದ್ದರೆ, ಅದೇ ವರ್ಷದ ಶರತ್ಕಾಲಕ್ಕೆ ಅದು ಶೇ. 11.1 ಆಯಿತು. ಕೊರೊನಾ ಕಳೆದ ಮೇಲೆ ಎಷ್ಟೋ ಮಕ್ಕಳು ಶಾಲೆಗೆ ಮರಳಿದರು, ಕೆಲವರು ಮನೆಯಲ್ಲೇ ಉಳಿದರು. ನಿಯಮ ಒಂದೊಂದು ರಾಜ್ಯದಲ್ಲಿ ಒಂದೊಂದು ಬಗೆ. ಜಾರ್ಜಿಯಾದಲ್ಲಿ ವರ್ಷಕ್ಕೆ 180 ದಿನ, ದಿನಕ್ಕೆ ನಾಲ್ಕೂವರೆ ಗಂಟೆ ಪಾಠ ನಡೆಯಬೇಕು. ಉತ್ತರ ಕೆರೊಲಿನಾದಲ್ಲಿ ವರ್ಷಕ್ಕೆ ಕನಿಷ್ಠ ಒಂಬತ್ತು ತಿಂಗಳು ಕಲಿಸಬೇಕು, ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು. ಪಾಠದ ದಿನಗಳು ಯಾವುವು ಎಂಬುದು ಮನೆಯವರಿಗೇ ಬಿಟ್ಟದ್ದು. ಮಂಗಳವಾರದ ಪಾಠ ಶನಿವಾರಕ್ಕೆ ಹೋದರೆ ಕೇಳುವವರಿಲ್ಲ. ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟ: ಹಿಮ ಬಿದ್ದ ದಿನ ಪುಸ್ತಕ ಮುಚ್ಚಬೇಕು.

ಪುಸ್ತಕ ಮುಚ್ಚಿದ ಮೇಲೂ ಒಂದು ತೊಡಕಿದೆ, ಅದು ಒಳ್ಳೆಯ ತಂದೆತಾಯಿಗಳಲ್ಲೇ ಹೆಚ್ಚು. ಹಿಮವನ್ನೂ ಪಾಠ ಮಾಡಿಬಿಡುವ ಆತುರ. ಮಗು ಇನ್ನೂ ಬೂಟು ಹಾಕಿಕೊಳ್ಳುತ್ತಿರುವಾಗಲೇ ಜಲಚಕ್ರದ ಚಿತ್ರ ಸಿದ್ಧವಾಗಿರುತ್ತದೆ. ಆ ಆತುರ ತೋರದ ಒಬ್ಬ ತಾಯಿಯ ಕಥೆ ಕೇಳಿ. ವರ್ಮಾಂಟ್ ರಾಜ್ಯದ ಜೆರಿಕೊ ಎಂಬ ಹಳ್ಳಿಯಲ್ಲಿ ವಿಲ್ಸನ್ ಬೆಂಟ್ಲಿ ಎಂಬ ರೈತನ ಮಗನಿದ್ದ. ಹದಿನಾಲ್ಕು ವರ್ಷದವರೆಗೆ ಶಾಲೆಯ ಮುಖ ನೋಡಿದವನಲ್ಲ, ತಾಯಿಯೇ ಮನೆಯಲ್ಲಿ ಕಲಿಸಿದಳು. ಮದುವೆಗೆ ಮುಂಚೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಆಕೆಯ ಬಳಿ ಒಂದು ಹಳೆಯ ಸೂಕ್ಷ್ಮದರ್ಶಕವಿತ್ತು. ಹದಿನೈದು ತುಂಬಿದಾಗ ಅದನ್ನು ಮಗನ ಕೈಗೆ ಕೊಟ್ಟಳು. ಇದನ್ನು ನೋಡು, ಅದನ್ನು ಬರೆ ಎಂದು ಬೆನ್ನು ಹತ್ತಲಿಲ್ಲ. ಅವನು ಹಿಮದ ಹರಳನ್ನು ನೋಡಿದ, ಚಿತ್ರ ಬರೆಯಲು ಹೊರಟ, ಬರೆದು ಮುಗಿಸುವ ಮೊದಲೇ ಹರಳು ಕರಗುತ್ತಿತ್ತು. ಕೊನೆಗೆ ಕ್ಯಾಮೆರಾ ಬೇಕೆಂದ. ತಂದೆಗೆ ಇದೆಲ್ಲ ಹುಚ್ಚಾಟವೆಂದೇ ಕಂಡಿತು, ಆದರೂ ಹಣ ಕೊಟ್ಟ. 1885ರ ಜನವರಿ 15ರಂದು ಬೆಂಟ್ಲಿ ಒಂದೇ ಒಂದು ಹಿಮದ ಹರಳಿನ ಛಾಯಾಚಿತ್ರ ತೆಗೆದ. ಆಮೇಲೆ ಬದುಕಿನುದ್ದಕ್ಕೂ ಐದು ಸಾವಿರಕ್ಕೂ ಹೆಚ್ಚು. ಮೆಚ್ಚಿಕೊಳ್ಳದ ತಂದೆ ಹಣ ಕೊಟ್ಟದ್ದೂ ಬಲು ದೊಡ್ಡ ಸಂಗತಿ ಎಂದು ನನಗನ್ನಿಸುತ್ತದೆ.

ಮಗುವಿಗೆ ತಾನಾಗಿಯೇ ಕುತೂಹಲ ಹುಟ್ಟಿದರೆ ಆಗ ಮಾತು ಬೇರೆ. ಒಂದು ಕಪ್ಪು ಬಟ್ಟೆಯನ್ನು ಹೊರಗಿಟ್ಟು ತಣ್ಣಗಾಗಿಸಿ, ಅದರ ಮೇಲೆ ಬಿದ್ದ ಹರಳನ್ನು ಭೂತಗನ್ನಡಿಯಲ್ಲಿ ನೋಡಿದರೆ ಆರು ಕೈಗಳು ಎದ್ದು ಕಾಣುತ್ತವೆ. ಎಷ್ಟು ಬಿತ್ತೆಂದು ಕೇಳಿದರೆ ಅಡಿಪಟ್ಟಿ ಕೊಡಿ. 1772ರ ಜನವರಿ ಕೊನೆಯಲ್ಲಿ ಈ ಸೀಮೆಯಲ್ಲಿ ಸುಮಾರು ಮೂರು ಅಡಿ ಹಿಮ ಬಿದ್ದಾಗ ಮೌಂಟ್ ವೆರ್ನನ್‌ನ ಮನೆಯಲ್ಲಿದ್ದ ಜಾರ್ಜ್ ವಾಷಿಂಗ್ಟನ್ ತಮ್ಮ ದಿನಚರಿಯಲ್ಲಿ ಅದರ ಆಳವನ್ನು ಎತ್ತರದ ಕುದುರೆಯ ಎದೆಯ ಮಟ್ಟದಿಂದ ಗುರುತಿಸಿದ್ದರು. ಈಗಲೂ ಅಳೆಯುವುದು ಸುಲಭವಲ್ಲ. 2016ರ ಜನವರಿಯ ಬಿರುಗಾಳಿಯಲ್ಲಿ ರೇಗನ್ ವಿಮಾನ ನಿಲ್ದಾಣದ ಅಳತೆಯ ಹಲಗೆಯೇ ಹಿಮದಲ್ಲಿ ಹೂತುಹೋಗಿ, ಅಲ್ಲಿ ದಾಖಲಾದ 17.8 ಅಂಗುಲ ಸರಿಯೋ ಕಡಿಮೆಯೋ ಎಂದು ಚರ್ಚೆ ನಡೆಯಿತು. ದೂರವೇನೂ ಅಲ್ಲದ ಡಲ್ಲೆಸ್ ವಿಮಾನ ನಿಲ್ದಾಣದಲ್ಲಿ ಅದೇ ಬಿರುಗಾಳಿಗೆ 29 ಅಂಗುಲ ದಾಟಿತ್ತು. ಹಿತ್ತಿಲಲ್ಲಿ ಹಲಗೆಯಿಟ್ಟು, ಗುರುತಿಗೆ ಪಕ್ಕದಲ್ಲೊಂದು ಕೋಲು ನೆಟ್ಟ ಹತ್ತು ವರ್ಷದ ಹುಡುಗಿಯ ಲೆಕ್ಕಕ್ಕೂ ಬೆಲೆಯಿದೆ. ಕೋಕೊರಾಸ್ ಎಂಬ ಸ್ವಯಂಸೇವಕರ ಜಾಲ ಇಂಥ ಮನೆಯಂಗಳದ ಅಳತೆಗಳನ್ನೇ ಕೂಡಿಸುತ್ತದೆ.

ಇಲ್ಲಿಂದ ದಕ್ಷಿಣಕ್ಕೆ ಹೋದಷ್ಟೂ ಹಿಮ ದುರ್ಲಭ. ವಾಷಿಂಗ್ಟನ್ನಿಗೆ ವರ್ಷಕ್ಕೆ ಸರಾಸರಿ 14 ಅಂಗುಲದಷ್ಟು, ಉತ್ತರ ಕೆರೊಲಿನಾದ ರಾಲಿಗೆ ಐದರಷ್ಟು, ಜಾರ್ಜಿಯಾದ ಅಟ್ಲಾಂಟಾಕ್ಕೆ ಎರಡೇ ಅಂಗುಲ. 2000ದ ಜನವರಿಯಲ್ಲಿ ರಾಲಿಯಲ್ಲಿ ಒಮ್ಮೆಲೇ 20 ಅಂಗುಲ ಸುರಿದದ್ದನ್ನು ಅಲ್ಲಿಯವರು ಇಂದಿಗೂ ಹೇಳಿಕೊಳ್ಳುತ್ತಾರೆ. ಅನೇಕ ಸಲ ಅವರಿಗೆ ಹಿಮದ ಬದಲು ಬರಿಯ ಐಸು ಸಿಗುತ್ತದೆ. ಈಶಾನ್ಯದಿಂದ ಇಳಿದುಬಂದ ತಣ್ಣನೆಯ ಗಾಳಿ ಭಾರವಾದದ್ದು, ಅಪಲಾಚಿಯನ್ ಬೆಟ್ಟಗಳನ್ನು ಹತ್ತಿ ದಾಟಲಾರದೆ ಅವುಗಳ ಪೂರ್ವದ ಬುಡದಲ್ಲೇ ತೆಳುವಾಗಿ ಹರಡಿ ನಿಲ್ಲುತ್ತದೆ. ಅದರ ಮೇಲೆ ಸಮುದ್ರದ ಬೆಚ್ಚನೆಯ ಗಾಳಿ ಹರಿಯುತ್ತದೆ. ಮೇಲಿನಿಂದ ಬಂದ ಹಿಮ ಬೆಚ್ಚನೆಯ ಪದರದಲ್ಲಿ ಕರಗಿ, ನೆಲ ಮುಟ್ಟಿದೊಡನೆ ಮತ್ತೆ ಹೆಪ್ಪುಗಟ್ಟುತ್ತದೆ. ಕೊಂಬೆ ಮುರಿಯುತ್ತದೆ, ಕರೆಂಟು ಹೋಗುತ್ತದೆ. 2002ರ ಡಿಸೆಂಬರಿನಲ್ಲಿ ಕೆರೊಲಿನಾಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮನೆ-ಅಂಗಡಿಗಳು ಹೀಗೆ ಕತ್ತಲಲ್ಲಿ ಕೂತವು. ಅದಕ್ಕೇ ನಿಜವಾದ ಹಿಮ ಬಿದ್ದ ದಿನ ಅಲ್ಲಿಯ ಮಕ್ಕಳ ಸಂಭ್ರಮ, ನಮ್ಮಲ್ಲಿ ಆಲಿಕಲ್ಲು ಮಳೆಗೆ ಪಾತ್ರೆ ಹಿಡಿದು ಅಂಗಳಕ್ಕೆ ಓಡುವ ಮಕ್ಕಳ ಸಂಭ್ರಮವೇ. ಹೊಸ ಹಿಮವನ್ನು ಬಟ್ಟಲಿಗೆ ತುಂಬಿ ಹಾಲು, ಸಕ್ಕರೆ, ವೆನಿಲಾ ಕಲಸಿ ತಿನ್ನುವ ‘ಸ್ನೋ ಕ್ರೀಮ್’ ಅಲ್ಲಿಯ ಮನೆಮನೆಯ ತಿನಿಸು. ಏಲಕ್ಕಿ ಪುಡಿ ಹಾಕಿದರೆ ನಮ್ಮ ಮಕ್ಕಳಿಗೆ ಇನ್ನೂ ರುಚಿ. ಮೊದಲು ಬಿದ್ದ ಹಿಮ ಗಾಳಿಯ ಧೂಳನ್ನೂ ಹೊತ್ತು ತರುತ್ತದೆ, ಸ್ವಲ್ಪ ಹೊತ್ತು ತಡೆದು ಹಿಡಿಯಬೇಕು.

ನಾನು ಹೇಳಬೇಕೆಂದಿರುವುದು ಇನ್ನೊಂದಿದೆ. ಬೇರೆ ದಿನಗಳಲ್ಲಿ ಬೆಳಗಿನ ಹತ್ತು ಗಂಟೆಗೆ ನಮ್ಮ ವರ್ಜೀನಿಯಾದ ಬೀದಿಗಳು ನಿರ್ಜನ. ಹಳದಿ ಬಸ್ಸು ಮಕ್ಕಳನ್ನು ಕರೆದೊಯ್ದಿರುತ್ತದೆ, ದೊಡ್ಡವರು ಆಫೀಸಿನಲ್ಲಿರುತ್ತಾರೆ. ಆ ಹೊತ್ತಿಗೆ ಸೈಕಲ್ ಹೊಡೆಯುವ ಮಗುವೊಂದು ಕಂಡರೆ ಅದು ಮನೆಯಲ್ಲಿ ಓದುವ ಮಗುವೇ. ಅದರ ಜೊತೆಗೆ ಆಡುವವರು ಬರಬೇಕಾದರೆ ತಂದೆತಾಯಿ ವಾರ ಮುಂಚೆ ಫೋನು ಮಾಡಿ ದಿನ ಗೊತ್ತು ಮಾಡಬೇಕು. ಹಿಮ ಬಿದ್ದ ದಿನ ಹಾಗಲ್ಲ. ಎಲ್ಲ ಮನೆಯ ಮಕ್ಕಳೂ ಮನೆಯಲ್ಲಿ, ಎಲ್ಲ ಅಪ್ಪ-ಅಮ್ಮಂದಿರೂ ಜೊತೆಯಲ್ಲಿ. ನಾಲ್ಕು ವರ್ಷದವರೂ ಹದಿನಾಲ್ಕರವರೂ ಒಂದೇ ದಿಣ್ಣೆಯ ಮೇಲೆ. ಯಾರು ಯಾವ ಶಾಲೆ, ಯಾವ ತರಗತಿ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಮನೆಯಲ್ಲಿ ಕಲಿಯುವ ಮಗುವಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಬೇರೆ ಬೇಡ. ಹಿತ್ತಿಲಲ್ಲಿ ನಮ್ಮದೇ ಮಕ್ಕಳಿಗೆ ನಮ್ಮದೇ ಹಿಮಮಾನವನನ್ನು ಮಾಡಿಸಿ ಫೋಟೋ ತೆಗೆದುಕೊಂಡರೆ ಆ ಉಡುಗೊರೆ ಪೊಟ್ಟಣದಲ್ಲೇ ಉಳಿಯುತ್ತದೆ. ಎಲ್ಲರೂ ಸೇರುವ ದಿಣ್ಣೆಗೆ ಹೋಗಬೇಕು. ದಕ್ಷಿಣದಲ್ಲಿ ಜಾರುಬಂಡಿ ಇಟ್ಟುಕೊಂಡವರೇ ಕಡಿಮೆ, ರಟ್ಟಿನ ಪೆಟ್ಟಿಗೆ, ಬಟ್ಟೆ ಒಗೆಯುವ ಬುಟ್ಟಿ, ಈಜುಕೊಳದ ಗಾಳಿಹಾಸಿಗೆ ಎಲ್ಲವೂ ಜಾರುತ್ತವೆ. ಇರುವ ಒಂದು ಬಂಡಿಯನ್ನು ಸರದಿಯ ಮೇಲೆ ಕೊಟ್ಟು, ತಮ್ಮ ಸರದಿಗೆ ಚಳಿಯಲ್ಲಿ ಕಾಯುವುದನ್ನು ಅಲ್ಲಿ ಮಕ್ಕಳು ಒಬ್ಬರನ್ನೊಬ್ಬರು ನೋಡಿ ಕಲಿಯುತ್ತಾರೆ.

ದಿಣ್ಣೆ ಎಲ್ಲರದು ಎಂಬುದನ್ನೂ ಮಕ್ಕಳು, ತಂದೆತಾಯಿಗಳು ಸೇರಿ ಒಮ್ಮೆ ಸಾಧಿಸಿ ತೋರಿಸಿದರು. ಸಂಸತ್ ಭವನವಿರುವ ಕ್ಯಾಪಿಟಲ್ ಹಿಲ್‌ನ ಹುಲ್ಲಿನ ಇಳಿಜಾರು ವಾಷಿಂಗ್ಟನ್ ಮಕ್ಕಳ ಹಳೆಯ ಜಾರುವ ಜಾಗ. 2001ರ ಭಯೋತ್ಪಾದಕ ದಾಳಿಯ ನಂತರ ಭದ್ರತೆಯ ಕಾರಣಕ್ಕೆ ಅಲ್ಲಿ ಜಾರುವುದನ್ನು ತಡೆದರು. 2015ರ ಮಾರ್ಚ್ 5ರಂದು ಚೆನ್ನಾಗಿ ಹಿಮ ಬಿದ್ದಾಗ ತಂದೆತಾಯಿಗಳು ಜಾರುಬಂಡಿಗಳೊಡನೆ ಮಕ್ಕಳನ್ನು ಕರೆತಂದು, ನಿಷೇಧವಿದ್ದರೂ ಶಾಂತವಾಗಿ ಜಾರಿಸಿದರು. ಸಂಸತ್ತಿನಲ್ಲಿ ನಗರದ ಪ್ರತಿನಿಧಿಯಾಗಿದ್ದ ಎಲಿನರ್ ಹೋಮ್ಸ್ ನಾರ್ಟನ್ ಮಕ್ಕಳ ಪರವಾಗಿ ಮಾತಾಡಿದರು. ಅದೇ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ ಖರ್ಚಿನ ಮಸೂದೆಯ ಜೊತೆಗೇ ಮಕ್ಕಳಿಗೆ ಜಾರಲು ಬಿಡಿ ಎಂಬ ಸೂಚನೆಯೂ ಹೊರಟಿತು. ಪೌರನೀತಿಯ ಪುಸ್ತಕದಲ್ಲಿ ಹುಡುಕಿದರೂ ಇಷ್ಟು ಚೆನ್ನಾದ ಪಾಠ ಸಿಗಲಾರದು.

ಹಿಮಕ್ಕೆ ಇನ್ನೊಂದು ಮುಖವೂ ಇದೆ. 2014ರ ಜನವರಿ 28, ಮಂಗಳವಾರ, ಅಟ್ಲಾಂಟಾದಲ್ಲಿ ಬಿದ್ದದ್ದು ಮೂರು ಅಂಗುಲಕ್ಕೂ ಕಡಿಮೆ. ಶಾಲೆ, ಕಚೇರಿ, ಅಂಗಡಿ ಎಲ್ಲವೂ ಮಧ್ಯಾಹ್ನ ಒಟ್ಟಿಗೇ ಬಾಗಿಲು ಹಾಕಿದವು, ಎಲ್ಲ ಕಾರುಗಳೂ ಒಟ್ಟಿಗೇ ರಸ್ತೆಗಿಳಿದವು, ಚಕ್ರಗಳಡಿ ಕರಗಿದ ಹಿಮ ಮರಳಿ ಗಟ್ಟಿಯಾಯಿತು. ಸಾವಿರಾರು ಮಕ್ಕಳು ಆ ರಾತ್ರಿ ಶಾಲೆಯಲ್ಲೇ ಮಲಗಿದರು, ಶಿಕ್ಷಕರು ಅವರ ಜೊತೆ ಎಚ್ಚರವಿದ್ದರು. ಹೆದ್ದಾರಿಯಲ್ಲಿ ಸಿಕ್ಕಿಕೊಂಡ ಕಾರೊಂದರಲ್ಲಿ ಹೆಣ್ಣುಮಗು ಹುಟ್ಟಿತು. ಹೋಮ್ ಡಿಪೋದಂಥ ಅಂಗಡಿಗಳು ಬಾಗಿಲು ತೆರೆದಿಟ್ಟು ಜನರಿಗೆ ಮಲಗಲು ಜಾಗ ಕೊಟ್ಟವು. ಎಷ್ಟೋ ಮನೆಯವರು ಫೇಸ್‌ಬುಕ್ಕಿನಲ್ಲಿ ವಿಳಾಸ ಹಾಕಿ, ನಮ್ಮ ಮನೆಗೆ ಬನ್ನಿ ಎಂದು ಗುರುತಿಲ್ಲದವರನ್ನು ಕರೆದರು. ಇನ್ನು ಕೆಲವರು ನಿಂತ ಕಾರುಗಳ ಸಾಲಿನುದ್ದಕ್ಕೂ ನಡೆದು ನೀರು, ತಿಂಡಿ ಹಂಚಿದರು. ಮಕ್ಕಳು ಕಣ್ಣೆದುರಿಗಿದ್ದು ಬೆಚ್ಚಗಿರುವ ಮನೆಗೆ ಅಂಥ ದಿನ ಕೈ ಸ್ವಲ್ಪ ಬಿಡುವಾಗಿರುತ್ತದೆ. ಬಿಡುವಾದ ಕೈಗೆ ಕೆಲಸ ಪಕ್ಕದ ಮನೆಯಲ್ಲೇ ಇರುತ್ತದೆ.

ಹೀಗೆ ನೆರೆಮನೆಗೆ ಹೋಗುವುದು ನಮ್ಮವರಿಗೆ ಹೊಸತೇನಲ್ಲ. ವಾಷಿಂಗ್ಟನ್ನಿನ ಕಾವೇರಿ, ಅಟ್ಲಾಂಟಾದ ನೃಪತುಂಗ, ರಾಲಿಯ ಸಂಪಿಗೆ ಕನ್ನಡ ಕೂಟಗಳಿರುವ ಈ ಊರುಗಳಲ್ಲಿ ಹಿಮದ ಕಾಲವೂ ಸಂಕ್ರಾಂತಿಯ ಕಾಲವೂ ಒಂದೇ. ಎಳ್ಳು ಬೀರುವುದೆಂದರೆ ಮಕ್ಕಳು ಮನೆಮನೆಯ ಬಾಗಿಲು ತಟ್ಟುವುದು ತಾನೆ. ಆ ಪೊಟ್ಟಣದ ಜೊತೆ ಒಂದು ಸಲಿಕೆಯನ್ನೂ ಹಿಡಿದು ಹೋಗಲಿ. ವಾಷಿಂಗ್ಟನ್ ನಗರದ ಕಾನೂನಿನಂತೆ ಹಿಮ ನಿಂತ ಮೇಲೆ ಹಗಲಿನ ಮೊದಲ ಎಂಟು ಗಂಟೆಯೊಳಗೆ ಮನೆಮುಂದಿನ ಕಾಲುದಾರಿಯನ್ನು ತೆರವು ಮಾಡಬೇಕು. 65 ತುಂಬಿದವರಿಗೆ, ಅಂಗವಿಕಲರಿಗೆ ದಂಡದಿಂದ ವಿನಾಯಿತಿಯಿದೆ, ಆದರೆ ವಿನಾಯಿತಿಯಿಂದ ಹಿಮ ಕರಗುವುದಿಲ್ಲ. ದಿಣ್ಣೆಗೆ ಹೊರಡುವ ಮುಂಚೆ ಅರ್ಧ ಗಂಟೆ ಸಾಕು. ದೊಡ್ಡವರು ಭಾರದ ಹಿಮ ಎತ್ತಲಿ, ಚಿಕ್ಕವರು ಮೆಟ್ಟಿಲ ಮೇಲೆ ಉಪ್ಪು ಚೆಲ್ಲಲಿ. ಹಿಮವನ್ನು ರಸ್ತೆಗೆ ಎಸೆಯದೆ ಅಂಗಳದ ಕಡೆಗೇ ಹಾಕಬೇಕು. ಅಗ್ನಿಶಾಮಕ ದಳದ ನೀರಿನ ಕೊಳಾಯಿ ನಮ್ಮ ಮನೆಯ ಮುಂದಿದ್ದರೆ ಅದನ್ನೂ ಬಿಡಿಸಿಡಬೇಕು. ಪಕ್ಕದ ಮನೆಯ ಅಜ್ಜಿಗೆ ಶೇಂಗಾ ಒಗ್ಗುತ್ತದೋ ಎಂದು ಕೇಳಿಕೊಂಡೇ ಎಳ್ಳುಬೆಲ್ಲ ಕೊಡಿ, ಇಲ್ಲಿ ಹಲವರಿಗೆ ಅದು ಆಗುವುದಿಲ್ಲ. ಔಷಧಿ ಮುಗಿದಿದೆಯೇ, ಮನೆಯ ಹೀಟರ್ ನಡೆಯುತ್ತಿದೆಯೇ ಎಂದೂ ವಿಚಾರಿಸಿ ಬನ್ನಿ. ಆಮೇಲೆ ಕತ್ತಲಾಗುವವರೆಗೂ ಮಕ್ಕಳು ಜಾರಲಿ, ಒದ್ದೆ ಕೈಗವಸನ್ನು ಹೀಟರಿನ ಪಕ್ಕ ಒಣಗಲು ಹಾಕಿ, ಮೆಣಸಿನ ಸಾರು ಕಾಯಿಸಿಡಿ. ಭಿನ್ನರಾಶಿಯನ್ನು ಶನಿವಾರ ನೋಡಿಕೊಳ್ಳೋಣ.