ತೊಳೆದ ಲೋಟ ಎಲ್ಲಿಗೆ ಹೋಗುತ್ತದೆ?

ಎಂಜಲಿನ ನಿಯಮಕ್ಕೆ ಮೊದಲು ಕಿಂಡಿ ಕೊರೆಯುವವರು ಮಕ್ಕಳು. ಒಂದೇ ಪೆಪ್ಪರಮೆಂಟು, ಇಬ್ಬರು ಗೆಳೆಯರು. ಅಂಗಿಯ ಚುಂಗಿನೊಳಗೆ ಸುತ್ತಿ ಕಡಿದರೆ ಅದು ಕಾಗೆ ಎಂಜಲು, ಕೆಲವು ಕಡೆ ಗುಬ್ಬಿ ಎಂಜಲು. ಬಾಯಿ ತಾಗಿದರೂ ತಾಗಿಲ್ಲ. ದೊಡ್ಡವರ ನಿಯಮವೂ ಉಳಿಯಿತು, ಗೆಳೆತನವೂ ಉಳಿಯಿತು. ಬೆಳೆದ ಮೇಲೆ ಅಂಥ ಬಟ್ಟೆಯ ಚುಂಗು ನಮಗೆ ಸಿಗುವುದಿಲ್ಲ. ಇನ್ನೊಬ್ಬರ ಜೊತೆ ಒಂದೇ ತಟ್ಟೆಯಲ್ಲಿ ಉಣ್ಣಲಾರೆ ಎನ್ನುವುದು ಬರೀ ಅಭ್ಯಾಸವೋ, ಎದುರಿನವರಿಗೆ ಮಾಡುವ ಅವಮಾನವೋ ಎಂಬ ಪ್ರಶ್ನೆಗೆ ನೇರವಾಗಿಯೇ ಉತ್ತರ ಕೊಡಬೇಕಾಗುತ್ತದೆ.

ನನಗೆ ಈ ಪ್ರಶ್ನೆ ಎದುರಾದದ್ದು ಹೆಬ್ಬಾಳದ ಕಡೆಯ ಒಂದು ಹೋಟೆಲಿನಲ್ಲಿ. ಆರ್.ಟಿ. ನಗರ, ಥಣಿಸಂದ್ರ ರಸ್ತೆಯ ಸುತ್ತಮುತ್ತ ಈಗ ಅರಬ್ಬಿ ಊಟದ ಹೋಟೆಲುಗಳು ಬೇಕಾದಷ್ಟಿವೆ. ನಾಲ್ಕೈದು ಜನ ನೆಲದ ಮೇಲೆ ಕೂತು ಒಂದೇ ಹರಿವಾಣಕ್ಕೆ ಕೈ ಹಾಕುವುದು ಇಲ್ಲಿನ ಹುಡುಗರಿಗೆ ಹೊಸದಲ್ಲ. ನಾವು ಹೋದಲ್ಲಿ ಮೊರಾಕೊದ ಅಡುಗೆಯೂ ಇತ್ತು. ಮಣ್ಣಿನ ಪಾತ್ರೆಗೆ ಗೋಪುರದಂಥ ಮುಚ್ಚಳ. ಪಾತ್ರೆಯ ಹೆಸರೂ ತಾಜಿನ್, ಅದರಲ್ಲಿ ಬೇಯುವ ಪದಾರ್ಥದ ಹೆಸರೂ ತಾಜಿನ್. ಅದರಲ್ಲಿದ್ದ ಉಪ್ಪಿನಲ್ಲಿ ಕಳಿತ ನಿಂಬೆಹಣ್ಣನ್ನು ಬಾಯಿಗಿಟ್ಟ ಒಬ್ಬ, "ನಮ್ಮ ನಿಂಬೆಕಾಯಿ ಉಪ್ಪಿನಕಾಯಿಗೆ ಖಾರ ಹಾಕೋದು ಮರೆತಿದ್ದಾರೆ" ಎಂದ. ಮೊರಾಕೊದ ಮನೆಗಳಲ್ಲಿ ಎಲ್ಲರೂ ಒಂದೇ ಪಾತ್ರೆಯಿಂದ ರೊಟ್ಟಿಯ ಚೂರಿನಲ್ಲಿ ಬಾಚಿಕೊಂಡು ಉಣ್ಣುತ್ತಾರೆ. ಆದರೆ ಅಲ್ಲೂ ಒಂದು ಮರ್ಯಾದೆಯಿದೆ: ತನ್ನ ಮುಂದಿನ ಭಾಗಕ್ಕಷ್ಟೇ ಕೈ ಹಾಕಬೇಕು, ನಡುವಿನ ಮಾಂಸವನ್ನು ಮನೆಯವರು ಮುರಿದು ಅತಿಥಿಯ ಕಡೆಗೆ ಸರಿಸುತ್ತಾರೆ.

ನಾವು ಐದು ಜನ. ಒಬ್ಬ ಗೆಳತಿ, "ನನಗೆ ಎಂಜಲು ಆಗಲ್ಲ ಕಣ್ರೋ" ಎಂದು ಬೇರೆ ತಟ್ಟೆ ತರಿಸಿಕೊಂಡಳು. ಅವಳ ಎದುರಿಗೆ ಕೂತಿದ್ದವನ ತಂದೆ ಊರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದುದು ಹೊರಗೆ ಗೋಡೆಯ ಗೂಡಿನಲ್ಲಿ ಇಡುತ್ತಿದ್ದ ಲೋಟದಲ್ಲಿ. ಕುಡಿದ ಮೇಲೆ ತಾವೇ ತೊಳೆದು ಅಲ್ಲೇ ಕವುಚಿಡಬೇಕಿತ್ತು. ಅದು ನಮಗೆಲ್ಲ ಗೊತ್ತಿದ್ದರಿಂದಲೇ ಆ ತಟ್ಟೆ ಬಂದಾಗ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಕೊನೆಗೆ ಅವನೇ ಹೇಳಿದ: "ಬೇರೆ ತಟ್ಟೆ ತಗೋ, ನಂಗೇನೂ ಬೇಜಾರಿಲ್ಲ. ನಿಮ್ಮನೆಗೆ ಬಂದ್ರೆ ನಂಗೆ ಯಾವ ಲೋಟದಲ್ಲಿ ಕಾಫಿ ಕೊಡ್ತೀರ, ಅದನ್ನ ಹೇಳು." ಅವಳು ಸುಳ್ಳು ಹೇಳಲಿಲ್ಲ. "ನಾನಿದ್ರೆ ನನ್ನ ಲೋಟದಲ್ಲೇ. ಅಮ್ಮ ಒಬ್ಬರೇ ಇದ್ರೆ... ಗೊತ್ತಿಲ್ಲ."

ಅವನು ಎರಡು ಗೆರೆಗಳನ್ನು ಬಿಡಿಸಿ ತೋರಿಸಿದ ಎನಿಸಿತು ನನಗೆ. ಒಂದು, ನನ್ನ ಸುತ್ತ ನಾನು ಎಳೆದುಕೊಳ್ಳುವ ಗೆರೆ. ಇನ್ನೊಂದು, ಇನ್ನೊಬ್ಬರ ಸುತ್ತ ನಾನು ಎಳೆಯುವ ಗೆರೆ. ಎರಡೂ ದೂರದಿಂದ ಒಂದೇ ಥರ ಕಾಣುತ್ತವೆ, ಎರಡರಲ್ಲೂ ತಟ್ಟೆ ಬೇರೆ ಬೇರೆಯೇ.

ಮೊರಾಕೊದವನೊಬ್ಬ ನಮ್ಮ ಕರಾವಳಿಯಲ್ಲೇ ಈ ಎರಡನೆಯ ಗೆರೆಯನ್ನು ಕಂಡಿದ್ದ. 1304ರಲ್ಲಿ ಟಾಂಜಿಯರ್‌ನಲ್ಲಿ ಹುಟ್ಟಿದ ಇಬ್ನ್ ಬತೂತ 1340ರ ದಶಕದಲ್ಲಿ ಹೊನ್ನಾವರ, ಬಾರ್ಕೂರು, ಮಂಗಳೂರುಗಳನ್ನು ಹಾದುಹೋದ. ಹೊನ್ನಾವರದ ಸುಲ್ತಾನ ಜಮಾಲುದ್ದೀನನ ಮನೆಯಲ್ಲಿ ತಾಮ್ರದ ತಟ್ಟೆಯಲ್ಲಿ ಅನ್ನ, ತುಪ್ಪ, ಮೆಣಸು, ಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ ಉಂಡದ್ದನ್ನು ವಿವರವಾಗಿ ಬರೆದಿದ್ದಾನೆ. ಹನ್ನೊಂದು ತಿಂಗಳು ರೊಟ್ಟಿಯ ಮುಖವನ್ನೇ ಕಾಣಲಿಲ್ಲವೆಂಬ ಕೊರಗೂ ಅಲ್ಲಿದೆ. ಗೋವೆಯಿಂದ ಕೊಲ್ಲಂವರೆಗಿನ ಕರಾವಳಿಯನ್ನು ಒಟ್ಟಾಗಿ ಮಲಬಾರ್ ಎಂದು ಕರೆದು, ಇಲ್ಲಿನ ಹಿಂದೂಗಳು ಮುಸಲ್ಮಾನನನ್ನು ಮನೆಯೊಳಗೆ ಸೇರಿಸುವುದಿಲ್ಲ, ಅವನು ಉಂಡ ಪಾತ್ರೆಯನ್ನು ಒಡೆದುಬಿಡುತ್ತಾರೆ ಇಲ್ಲವೇ ಅವನಿಗೇ ಕೊಟ್ಟುಬಿಡುತ್ತಾರೆ ಎನ್ನುತ್ತಾನೆ. ಮುಸಲ್ಮಾನರ ಮನೆಗಳಿಲ್ಲದ ಊರಿನಲ್ಲಿ ಅಡುಗೆ ಮಾಡಿ ಬಾಳೆಲೆಯ ಮೇಲೆ ಬಡಿಸುತ್ತಿದ್ದರಂತೆ. ಉಳಿದದ್ದು ನಾಯಿಗೆ, ಹಕ್ಕಿಗೆ.

ಹಸಿದು ಬಂದ ಪರದೇಶಿಯನ್ನು ಹಾಗೇ ಕಳಿಸಲಿಲ್ಲ, ಬೇಯಿಸಿ ಬಡಿಸಿದರು. ಆ ಔದಾರ್ಯ ಸುಳ್ಳಲ್ಲ. ಆದರೆ ಕೊಟ್ಟದ್ದು ಎಸೆಯಬಹುದಾದ ಎಲೆಯಲ್ಲಿ. ಅನ್ನ ಕೊಡುವುದಕ್ಕಿಂತ ಪಾತ್ರೆ ಕೊಡುವುದು ಕಷ್ಟ. ಅನ್ನ ಹೋಗುತ್ತದೆ, ಪಾತ್ರೆ ಮನೆಯೊಳಗೆ ಮರಳಿ ಬರುತ್ತದೆ. ಹಾಗೆಂದು ಸುಲ್ತಾನನ ಮನೆಯ ಊಟವೇ ಸಮಾನತೆಯ ಮಾದರಿ ಎನ್ನಲಾಗದು. ಅಲ್ಲಿ ಬಡಿಸುತ್ತಿದ್ದವಳು ಒಬ್ಬ ದಾಸಿ.

ಹಾಗಾಗಿ ಒಂದೇ ಹರಿವಾಣಕ್ಕೆ ಕೈ ಹಾಕಿದ ನಾವು ನಾಲ್ವರು ಬೇರೆ ತಟ್ಟೆ ಕೇಳಿದವಳಿಗಿಂತ ದೊಡ್ಡವರೆಂದು ಬೀಗುವಂತಿಲ್ಲ. ಹೋಟೆಲಿನ ಹರಿವಾಣ ಯಾರ ಮನೆಯದೂ ಅಲ್ಲ. ದುಡ್ಡು ಕೊಟ್ಟು ಎದ್ದರೆ ಮುಗಿಯಿತು. ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲಕ್ಕೆಂದು ಬರೆದು, ಅಲ್ಲಿ ಓದುವ ಅವಕಾಶ ತಪ್ಪಿ, 1936ರಲ್ಲಿ ತಾವೇ ಅಚ್ಚು ಹಾಕಿಸಿದ ಭಾಷಣದಲ್ಲಿ ಅಂಬೇಡ್ಕರ್ ಸಹಭೋಜನದಿಂದ ಜಾತಿ ಸಾಯುವುದಿಲ್ಲ ಎಂದಿದ್ದರು. ಅವರು ಬಯಸಿದ್ದು ಮದುವೆಯ ಸಂಬಂಧವನ್ನು, ಎಂದರೆ ಮನೆಯೊಳಗೆ ಬಂದು ಉಳಿಯುವುದನ್ನು.

ಶುಚಿಯ ಮಾತು ಬರುತ್ತದೆ. ಅದನ್ನು ಪರೀಕ್ಷಿಸುವುದು ಸುಲಭ. ಹೋಟೆಲಿನ ತಟ್ಟೆಯಲ್ಲಿ ನಮಗಿಂತ ಮೊದಲು ಯಾರು ಉಂಡರೆಂದು ನಾವು ಕೇಳುವುದಿಲ್ಲ, ಸೋಪು ನೀರು ಸಾಕು. ಅದೇ ಸೋಪು ನೀರು ಮನೆಯ ಲೋಟಕ್ಕೆ ಸಾಲದೆಂದಾದರೆ, ಅಲ್ಲಿ ತೊಳೆದರೂ ಹೋಗದೆ ಉಳಿದಿರುವುದು ಕುಡಿದವರ ಹೆಸರು.

ಗೆಳತಿಯ ಕಷ್ಟವನ್ನೂ ನಾನು ಹಗುರ ಮಾಡಲಾರೆ. ಎಪ್ಪತ್ತು ವರ್ಷ ಮಡಿಯಲ್ಲಿ ಬದುಕಿದ ಅಮ್ಮನನ್ನು ಒಂದು ಸಂಜೆಯ ವಾದದಲ್ಲಿ ಬದಲಿಸಲು ಆಗುವುದಿಲ್ಲ. ಅವರ ಮಡಿ ಅವರಿಗಿರಲಿ, ಅವರ ತಟ್ಟೆ ಲೋಟ ಯಾರೂ ಮುಟ್ಟದ ಜಾಗದಲ್ಲಿರಲಿ. ಅದು ಅವರು ತಮ್ಮ ಸುತ್ತ ಎಳೆದುಕೊಂಡ ಗೆರೆ. ಬಂದವನಿಗೆಂದೇ ಒಂದು ಲೋಟ ತೆಗೆದಿಡುವುದು ಬೇರೆ ಮಾತು. ಅಮ್ಮ ನೊಂದಾರೆಂದು ನಾವು ತಾಳ್ಮೆ ತೋರುತ್ತೇವೆ, ಆದರೆ ಆ ತಾಳ್ಮೆಯ ಬೆಲೆ ತೆರುವವನು ಹೊರಗೆ ಕೂತವನು. ಅವನನ್ನು ಕೇಳದೆ ಅವನ ಲೆಕ್ಕದಲ್ಲಿ ನಾವು ಉದಾರಿಗಳಾಗುವುದು ನ್ಯಾಯವಲ್ಲ.

ಈ ಪ್ರಶ್ನೆಗೆ ಹಳ್ಳಿಯ ಗೋಡೆಗೂಡನ್ನೇ ಹುಡುಕಿಕೊಂಡು ಹೋಗಬೇಕಿಲ್ಲ. ಯಲಹಂಕದ, ಹೆಬ್ಬಾಳದ ಎಷ್ಟೋ ಮನೆಗಳಲ್ಲಿ ಮುಸುರೆ ತಿಕ್ಕಲು ಬರುವಾಕೆಯ ಕಾಫಿ ಲೋಟ ಸಿಂಕಿನ ಪಕ್ಕದ ಕಿಟಕಿಯ ಮೇಲೆ ಒಂಟಿಯಾಗಿರುತ್ತದೆ. ಮನೆಮಂದಿಯ ಎಂಜಲು ತಟ್ಟೆಗಳನ್ನೆಲ್ಲ ಮುಟ್ಟಿ ಬೆಳಗುವವಳು ಅವಳು. ಆ ತಟ್ಟೆಗಳು ಅವಳ ಕೈಯಿಂದಲೇ ಸ್ಟ್ಯಾಂಡಿಗೆ ಹೋಗುತ್ತವೆ, ಅವಳ ಲೋಟ ಮಾತ್ರ ಕಿಟಕಿಗೆ ಮರಳುತ್ತದೆ. ಅದನ್ನು ತೊಳೆದು ಉಳಿದವುಗಳ ಜೊತೆ ಸ್ಟ್ಯಾಂಡಿನಲ್ಲಿ ಕವುಚಿಡಲು ಯಾರ ಅಪ್ಪಣೆಯೂ ಬೇಕಿಲ್ಲ. ಮಾರನೆಯ ಬೆಳಿಗ್ಗೆ ಕಾಫಿಗೆಂದು ಕೈಗೆ ಸಿಕ್ಕ ಲೋಟ ಯಾರದೆಂದು ಗೊತ್ತಾಗದಿದ್ದರೆ ಸಾಕು.