ಇಲ್ಲದ ಹಾಸ್ಟೆಲಿನ ನೆನಪು

ಯಾರಿಗೂ ನಷ್ಟವಾಗದ ಸುಳ್ಳು ತಪ್ಪೇ? ಈ ಪ್ರಶ್ನೆಗೆ ಬಹಳ ವರ್ಷ ನಾನು ಅಲ್ಲವೆಂದೇ ಉತ್ತರ ಹೇಳಿಕೊಂಡಿದ್ದೆ.

ಪಿಯುಸಿಯವರೆಗೆ ಹಗರಿಬೊಮ್ಮನಹಳ್ಳಿಗೆ ಬಸ್ಸಿನಲ್ಲಿ ಓಡಾಡಿದೆ. ಮುಂದೆ ಹೊಸಪೇಟೆಯ ಕಾಲೇಜು ಸೇರಬೇಕೆನ್ನುವಾಗ ಅಪ್ಪ ಹಾಸಿಗೆ ಹಿಡಿದ. ನಮ್ಮ ಹಂಪಸಾಗರ ತುಂಗಭದ್ರೆಯ ಹಿನ್ನೀರಿನ ದಂಡೆಯ ಊರು. ಇದ್ದಷ್ಟು ಹೊಲ ನೋಡಿಕೊಳ್ಳಲು ಆಳು ಬೇಕಿತ್ತು. ತಮ್ಮ ಇನ್ನೂ ಚಿಕ್ಕವ. ನಾನು ಉಳಿದೆ.

1988ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ತೆರಪಿನ ಶಿಕ್ಷಣಕ್ಕೆ ಹಣ ಕಟ್ಟಿದೆ. 1969ರಲ್ಲಿ ಶುರುವಾಗಿದ್ದ ಆ ವ್ಯವಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಪಾಠಗಳು ಕಟ್ಟುಕಟ್ಟಾಗಿ ಬರುತ್ತಿದ್ದವು. ಪೋಸ್ಟ್‌ಮನ್ನೇ ನನ್ನ ಲೆಕ್ಚರರು. ರಾತ್ರಿ ಕರೆಂಟು ಹೋದರೆ ಲಾಟೀನು. ಅನುಮಾನ ಬಂದರೆ ಕೇಳಲು ಪಕ್ಕದ ಬೆಂಚಿನಲ್ಲಿ ಯಾರೂ ಇಲ್ಲ, ಬೆಂಚೇ ಇಲ್ಲ.

ಪದವಿ ಬಂತು, ಗುಮಾಸ್ತಿಕೆಯೂ ಸಿಕ್ಕಿತು. ಕೆಲಸದಲ್ಲಿ ನಾನು ಹಿಂದೆ ಬೀಳಲಿಲ್ಲ. ತೊಡಕಾದದ್ದು ನಾಲ್ಕು ಗಂಟೆಯ ಚಹಾದ ಹೊತ್ತಿಗೆ. ಮೆಸ್ಸಿನ ನೀರುಸಾರು, ಸೆಕೆಂಡ್ ಷೋ ಮುಗಿಸಿ ಗೋಡೆ ಹಾರಿದ್ದು, ಮುಷ್ಕರ ಮಾಡಿದ್ದು. ಒಬ್ಬರು ಅರ್ಧ ಹೇಳುವಷ್ಟರಲ್ಲಿ ಉಳಿದವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಒಂದು ದಿನ ಬಾಯಿಂದ ಬಂದುಬಿಟ್ಟಿತು: “ನಮ್ಮ ಹಾಸ್ಟೆಲಿನಲ್ಲೂ ಹಿಂಗೇ ಇತ್ತು.”

ವಿದ್ಯೆಗೆ ಕಾಲೇಜೇ ಬೇಕೆಂದಿಲ್ಲ ಎಂದು ಸಮಾಧಾನ ಹೇಳುವವರಿದ್ದಾರೆ. ನಿಜವೇ. ಡಿ.ವಿ.ಜಿ. ಕಾಲೇಜು ಕಂಡವರಲ್ಲ, 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೇ ಅವರಿಗೆ ಗೌರವ ಡಿ.ಲಿಟ್. ಕೊಟ್ಟಿತು. ಆದರೆ ನನ್ನ ಕೊರತೆ ವಿದ್ಯೆಯದಾಗಿರಲಿಲ್ಲ, ಸಂಗಡಿಗರದು. ಅಣೆಕಟ್ಟೆಯಿಂದ ಊರು ಕಳಕೊಂಡ ಹಿರಿಯರು ಕಟ್ಟೆಯ ಮೇಲೆ ಕೂತು ಹಳೇ ಓಣಿಗಳನ್ನು ನೆನೆಯುತ್ತಿದ್ದರು. ಮುಳುಗಿದ್ದಕ್ಕೆ ನೆನಪಾದರೂ ಇರುತ್ತದೆ. ಇಲ್ಲದೇ ಇದ್ದದ್ದನ್ನು ಯಾರ ಜೊತೆ ನೆನೆಯಬೇಕು? ಹಾಗಾಗಿ ಆ ಸುಳ್ಳನ್ನು ನಾನು ನಿರುಪದ್ರವಿ ಎಂದೇ ತಿಳಿದೆ.

ಆಮೇಲೆ ಕಚೇರಿಗೆ ಹೊಸ ಟೈಪಿಸ್ಟು ಬಂದರು. ಚಹಾದ ಹೊತ್ತಿಗೆ ಯಾರೋ ಯಾವ ಕಾಲೇಜೆಂದು ಕೇಳಿದರು. “ಕಾಲೇಜಿಗೆ ಹೋಗಿಲ್ರಿ, ಅಂಚೆಯಲ್ಲಿ ಓದೀನಿ,” ಎಂದರು ಆಕೆ, ಏನೂ ಅಳುಕದೆ. ಒಬ್ಬರು “ಹೌದಾ, ಪುಣ್ಯವಂತರು, ಅಟೆಂಡೆನ್ಸಿನ ಕಾಟ ಇಲ್ಲ,” ಎಂದರು. ಎಲ್ಲರೂ ನಕ್ಕರು. ನಾನೂ ಮಾಮೂಲಿನಂತೆ ನಕ್ಕೆ.

ಆಕೆ ಮಾರನೆಯ ದಿನದಿಂದ ಚಹಾ ತಮ್ಮ ಮೇಜಿಗೇ ತರಿಸಿಕೊಂಡರು.

ಆಗ ಗೊತ್ತಾಯಿತು, ನನ್ನ ಸುಳ್ಳಿಗೆ ಬೆಲೆ ತೆತ್ತವರು ಒಬ್ಬರಿದ್ದಾರೆಂದು. “ನಾನೂ ಹಾಗೇ ಓದಿದವನು” ಎಂಬ ಒಂದು ಮಾತು ನನ್ನ ಬಳಿ ಇತ್ತು. ನನ್ನ ಜಾಗ ಉಳಿಸಿಕೊಳ್ಳಲು ಅದನ್ನು ಬಚ್ಚಿಟ್ಟೆ. ಅಷ್ಟೇ ಅಲ್ಲ, ಆ ಗುಂಪಿನಲ್ಲಿ ಸೇರಿಕೊಂಡವನು ನಾನೂ ಅಲ್ಲ. ಎಲ್ಲೋ ಹಾಸ್ಟೆಲಿನಲ್ಲಿದ್ದು ಬಂದ ಇನ್ನೊಬ್ಬ. ಹೊಲದಲ್ಲಿ ಉಳಿದ ಹುಡುಗ ಬಾಗಿಲಾಚೆಯೇ ನಿಂತಿದ್ದ.

ನಾಲ್ಕು ತಿಂಗಳ ಮೇಲೆ ಎಲ್ಲರೆದುರು ನಿಜ ಹೇಳಿದೆ. ಯಾರೂ ಬೆರಗಾಗಲಿಲ್ಲ, ಮಾತು ಸಂಬಳದ ಕಡೆ ತಿರುಗಿತು. ಇಷ್ಟಕ್ಕೇ ಅಂಜಿದ್ದೆನಲ್ಲ ಎನ್ನಿಸಿತು. ಸಂಜೆ ಆ ಟೈಪಿಸ್ಟು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು.

“ಅವತ್ತೇ ಹೇಳಬಾರದಿತ್ತೇನ್ರಿ, ಸಾರ್?” ಎಂದರು.

ಅದಕ್ಕೆ ಉತ್ತರ ನನ್ನಲ್ಲಿ ಇರಲಿಲ್ಲ. ಈಗಲೂ ಇಲ್ಲ.